ಹಬೆಯಲ್ಲಿ ಅರಳಿದ ಚಂದ್ರ

ಮುಚ್ಚಳ ತೆಗೆದ ಕೂಡಲೇ ಆಲೆಮನೆಯ ಕಂಪು ಬಂತು. ಮಂಡ್ಯದ ಕಡೆ ಬೆಳೆದ ಮೂಗಿಗೆ ಅದರ ಗುರುತು ಯಾರೂ ಹೇಳಬೇಕಿಲ್ಲ. ಆದರೆ ನಾನು ನಿಂತಿದ್ದದ್ದು ಜಪಾನಿನ ಈಶಾನ್ಯಕ್ಕಿರುವ ಇವಾತೆಯಲ್ಲಿ, ಇಚಿನೊಸೆಕಿ ಪಟ್ಟಣದಾಚೆಯ ಒಂದು ರೈತರ ಮನೆಯಲ್ಲಿ. ಮೇ ತಿಂಗಳು, ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು. ನಾನು ಒಬಾಚಾನ್ ಎಂದು ಕರೆಯುತ್ತಿದ್ದ ಆ ಮನೆಯ ಅಜ್ಜಿ ಬಿದಿರಿನ ಹಬೆಬುಟ್ಟಿಯಿಂದ ದುಂಡನೆಯ ಕಂದು ತಿಂಡಿಯೊಂದನ್ನು ಬಟ್ಟೆಯ ಸಮೇತ ಎತ್ತಿ ಹಲಗೆಯ ಮೇಲಿಟ್ಟರು. ಅದರ ಹೆಸರು ಗಂಜುಕಿ.

ಹಬೆಯಲ್ಲಿ ಬೆಂದ ಇಂಥ ತಿಂಡಿಗೆ ಜಪಾನಿನಲ್ಲಿ ಮುಷಿಪಾನ್ ಎನ್ನುತ್ತಾರೆ. ಪಾನ್ ಎಂಬುದು ಪೋರ್ಚುಗೀಸರು ಬಿಟ್ಟುಹೋದ ಮಾತು. ನಮ್ಮ ಪಾವ್ ಹುಟ್ಟಿದ್ದೂ ಅದೇ ಬೇರಿನಿಂದ. ಒಳಗಿನ ಸಿಹಿ ಕೊಕುತೊ, ಅಂದರೆ ಕಪ್ಪು ಸಕ್ಕರೆ. ಕಬ್ಬಿನ ಹಾಲಿಗೆ ಸುಣ್ಣ ಬೆರೆಸಿ, ಕುದಿಸಿ ಗಟ್ಟಿಮಾಡುತ್ತಾರೆ. ನಮ್ಮ ಬಾಯಲ್ಲಿ ಅದು ಬೆಲ್ಲವೇ. ಇವಾತೆಯ ಚಳಿಗೆ ಕಬ್ಬು ಬೆಳೆಯುವುದಿಲ್ಲ. ಕೊಕುತೊ ಬರುವುದು ದೂರದ ದಕ್ಷಿಣದ ಒಕಿನಾವಾ, ಅಮಾಮಿ ದ್ವೀಪಗಳಿಂದ. ಒಕಿನಾವಾದವರು ಅದನ್ನು ಮಾಡುವ ವಿದ್ಯೆಯನ್ನು 1623ರಲ್ಲಿ ಚೀನಾದ ಫೂಜಿಯಾನ್‌ನಿಂದ ತಂದರು. ದಕ್ಷಿಣದ ಬಿಸಿಲಲ್ಲಿ ಮಾಗಿದ ಸಿಹಿ ಉತ್ತರದ ಕೆಸರುಗದ್ದೆಯ ಬದುವಿಗೆ ಬಂದು ಕೂತಿದೆ.

ಮಾಡುವ ಬಗೆಯನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಗೋಧಿ ಹಿಟ್ಟು, ಮೊಟ್ಟೆ, ಹಾಲು, ಕರಗಿಸಿದ ಕೊಕುತೊ, ಅಡುಗೆ ಸೋಡಾ. ಕೊನೆಗೆ ಒಂದಿಷ್ಟು ವಿನಿಗರ್ ಸುರಿದದ್ದೇ ತಡ, ಹಿಟ್ಟು ಬುಸುಬುಸು ಎಂದು ಉಬ್ಬತೊಡಗಿತು. ಆಮೇಲೆ ಒಂದು ಗಳಿಗೆಯೂ ತಡಮಾಡುವಂತಿಲ್ಲ; ಒಬಾಚಾನ್ ಬಟ್ಟೆ ಹಾಸಿದ ಬುಟ್ಟಿಗೆ ಹಿಟ್ಟು ಹೊಯ್ದು, ಮೇಲೆ ಎಳ್ಳು, ಅಕ್ರೋಟಿನ ಚೂರು ಉದುರಿಸಿದರು. ಹನಿ ಬೀಳದಿರಲೆಂದು ಮುಚ್ಚಳಕ್ಕೂ ಬಟ್ಟೆ ಸುತ್ತಿದರು.

ಹೆಸರಿನಲ್ಲಿರುವ ಗನ್ ಎಂದರೆ ಕಾಡು ಹೆಬ್ಬಾತು, ತ್ಸುಕಿ ಎಂದರೆ ಚಂದ್ರ. ದುಂಡನೆಯ ತಿಂಡಿ ಚಂದ್ರ, ಮೇಲಿನ ಎಳ್ಳು ಅದರೆದುರು ಹಾರುವ ಹೆಬ್ಬಾತುಗಳ ಸಾಲು ಎಂದು ಅಲ್ಲಿನವರು ಹೇಳುತ್ತಾರೆ. ಇದು ಬರೀ ಕಲ್ಪನೆಯಲ್ಲ. ಪಕ್ಕದ ಮಿಯಾಗಿಯ ಇಜುನುಮಾ ಕೆರೆಗೆ ಚಳಿಗಾಲದಲ್ಲಿ ಸೈಬೀರಿಯಾದಿಂದ ಈ ಹಕ್ಕಿಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಆಕಾಶದಲ್ಲಿ ಕಂಡದ್ದನ್ನೇ ಇವರು ತಿಂಡಿಯ ಮೇಲೆ ಇಟ್ಟಿದ್ದಾರೆ.

ಗಂಜುಕಿ ಕೊಬಿರುವಿನ ತಿಂಡಿ. ಕೊಬಿರು ಎಂದರೆ ‘ಪುಟ್ಟ ಮಧ್ಯಾಹ್ನ’, ಹೊಲದ ಕೆಲಸದ ನಡುವಿನ ಬಿಡುವು. ಗದ್ದೆಯಿಂದ ಬಂದವರು ಕೈತೊಳೆದು ಬದುವಿನಲ್ಲಿ ಕೂತರು. ಒಬಾಚಾನ್ ‘ದೋಜೊ’, ಅಂದರೆ ತಗೊಳ್ಳಿ, ಎಂದು ನನ್ನ ಕೈಗೂ ಒಂದು ತುಂಡು ಇಟ್ಟರು. ಒತ್ತಿದರೆ ಕುಗ್ಗಿ ಮತ್ತೆ ಏಳುತ್ತಿತ್ತು. ಮುರಿದಾಗ ಒಳಗಿನ ಉದ್ದುದ್ದ ತೂತುಗಳಿಂದ ಹಬೆ ಬಂತು. ಮೊದಲು ಸಿಹಿ, ಹಿಂದೆಯೇ ಕಬ್ಬಿನ ಸಣ್ಣ ಕಹಿ, ಒಂದಿಷ್ಟು ಉಪ್ಪಿನ ನೆನಪು. ಆಮೇಲೆ ಹಲ್ಲಿಗೆ ಸಿಕ್ಕ ಎಳ್ಳು. ಕೇಕಿನಷ್ಟು ಸಿಹಿಯಿಲ್ಲ, ಬೆಣ್ಣೆಯ ಭಾರವಿಲ್ಲ. ಬೆನ್ನು ಬಗ್ಗಿಸಿ ದುಡಿಯುವವರ ಹಸಿವು ತಿಳಿದವರು ಹದ ಕಟ್ಟಿದ ತಿಂಡಿ ಇದು.

ನಿಮ್ಮ ಮನೆಯಲ್ಲೂ ಬೆಲ್ಲವಿದೆ, ಇಡ್ಲಿ ಪಾತ್ರೆಯಿದೆ. ಒಮ್ಮೆ ಮಾಡಿನೋಡಿ, ಬಿಸಿಯಿರುವಾಗಲೇ ಕೈಯಲ್ಲಿ ಮುರಿದು ತಿನ್ನಿ. ಎಳ್ಳನ್ನು ಮಾತ್ರ ಮರೆಯಬೇಡಿ. ಹಕ್ಕಿಗಳಿಲ್ಲದಿದ್ದರೆ ಅದು ಗಂಜುಕಿಯಲ್ಲ.