ಸೊನ್ನೆಗೆ ಹಾಕಿದ ಬೀಗ

ಮನೆ ಎಂದ ಮೇಲೆ ಬೀಗ ಇರಬೇಕಾದ್ದೇ. ತಿಜೋರಿಗೊಂದು, ಉಗ್ರಾಣಕ್ಕೊಂದು, ಹಿತ್ತಿಲ ಬಾಗಿಲಿಗೊಂದು. ಆದರೆ ಮಾತಿಗೂ ಬೀಗ ಹಾಕಬಹುದೆಂದು ನಮಗೆ ಕಲಿಸಿದ್ದು ಟೆಲಿಫೋನು. ತಿರುಗಿಸುವ ಡಯಲಿನ ಕಾಲದಲ್ಲಿ ಒಂದನೇ ಅಂಕಿಯ ತೂತಿಗೆ ಪುಟ್ಟದೊಂದು ಬೀಗ ಸಿಕ್ಕಿಸಿದರೆ ಡಯಲು ಮುಂದಕ್ಕೆ ತಿರುಗುತ್ತಿರಲಿಲ್ಲ. ಬರುವ ಕರೆ ಬರುತ್ತಿತ್ತು, ಹೋಗುವುದು ಬಂದ್. ಮನೆಗೆ ಕಳ್ಳ ನುಗ್ಗಿದರೂ ಪೊಲೀಸರ 100 ತಿರುಗಿಸುವಂತಿರಲಿಲ್ಲ! ಚುರುಕು ಹುಡುಗರು ರಿಸೀವರ್ ಇಡುವ ಗುಂಡಿಯನ್ನೇ ಎಣಿಸಿ ಕುಟ್ಟಿ ನಂಬರು ಹಚ್ಚುತ್ತಿದ್ದರೆನ್ನಿ.

ಎಸ್.ಟಿ.ಡಿ. ಬಂದ ಮೇಲೆ ಬೀಗ ಕಣ್ಣಿಗೆ ಕಾಣದಂತಾಯಿತು. 1960ರಲ್ಲಿ ಲಖನೌ-ಕಾನಪುರಗಳ ನಡುವೆ ಶುರುವಾದ ಈ ಸೌಕರ್ಯ ನಮ್ಮ ಸೀಮೆಯ ತಾಲೂಕುಗಳನ್ನು ಮುಟ್ಟುವಾಗ ಬಹಳ ವರ್ಷಗಳೇ ಕಳೆದಿದ್ದವು. ಪರ ಊರಿಗೆ ಮಾತಾಡಬೇಕಾದರೆ ಮೊದಲು ಸೊನ್ನೆ. ಆ ಸೊನ್ನೆಯನ್ನು ತಡೆದರೆ ಊರಾಚೆಯ ಮಾತೆಲ್ಲ ನಿಂತ ಹಾಗೆ.

1998ರಲ್ಲಿ ನಾನು ಕೆಲಸಕ್ಕಿದ್ದ ಸಂಸ್ಥೆಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಶಾಖೆಗಳಿದ್ದವು. ಐದೂ ಕಡೆ ಹೊಸ ಲೈನು, ಒಳಗಿನ ಫೋನುಗಳಿಗೆಲ್ಲ ಒಂದೊಂದು ಇಪಿಎಬಿಎಕ್ಸ್ ಪೆಟ್ಟಿಗೆ. ಯಾವ ಮೇಜಿನ ಫೋನು ಎಲ್ಲಿಯವರೆಗೆ ಹೋಗಬಹುದೆಂಬ ಪಟ್ಟಿ ಬರೆಯುವ ಕೆಲಸ ನನ್ನದು. ಸಾಹೇಬರು ಹೇಳಿದರು: ಮ್ಯಾನೇಜರಿಗೆ ದೇಶವೆಲ್ಲ, ಗುಮಾಸ್ತರಿಗೆ ಊರೊಳಗೆ, ಉಳಿದವರಿಗೆ ಬಂದದ್ದನ್ನು ಎತ್ತುವುದಷ್ಟೇ.

ಸೇಡಂನ ಗುಮಾಸ್ತರು ಚಿಂಚೋಳಿಯ ಶಾಖೆಯನ್ನು ಒಂದು ಲೆಕ್ಕ ಕೇಳಬೇಕೆಂದರೂ ಸೊನ್ನೆ ಬೇಕು. ಅಕ್ಕತಂಗಿಯರಂಥ ಆಫೀಸುಗಳು, ಮ್ಯಾನೇಜರು ಎದ್ದು ಹೋದರೆ ಒಬ್ಬರಿಗೊಬ್ಬರು ಮೂಕರು. ಹೇಳಿ ನೋಡಿದೆ. "ಮೊದಲ ಬಿಲ್ಲಿನ ಕಡೆ ನೋಡ್ರಿ ಬಾಯಾರ" ಎಂದರು. ಪಟ್ಟಿ ಅವರು ಹೇಳಿದಂತೆಯೇ ಜಾರಿಯಾಯಿತು.

ಸೇಡಂ ಶಾಖೆಯ ಆಯಾ ಮಗಳನ್ನು ತಾಂಡೂರಿಗೆ ಕೊಟ್ಟಿದ್ದಳು. ರೈಲು ಹತ್ತಿದರೆ ಹತ್ತಿರದ ಊರೇ. ಆದರೆ ಆಗ ಆಂಧ್ರ, ಈಗ ತೆಲಂಗಾಣ. ಒಂದು ಸಂಜೆ ಆಫೀಸಿಗೆ ಅಳಿಯನ ಫೋನು ಬಂತು: ಹೆರಿಗೆ ಕಷ್ಟವಾಗಿದೆ, ಹೈದರಾಬಾದಿಗೆ ಒಯ್ಯಬೇಕಂತೆ. ಅಷ್ಟರಲ್ಲಿ ಲೈನು ಕಡಿಯಿತು. ಮ್ಯಾನೇಜರ ಕೋಣೆಗೆ ಬೀಗ. ಎಸ್.ಟಿ.ಡಿ. ಬೂತಿಗೆ ಓಡಿ, ಸರದಿ ಬಂದು, ನಂಬರು ಹತ್ತುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಯಾವ ಆಸ್ಪತ್ರೆ ಎಂದು ತಿಳಿದದ್ದು ಮರುದಿನ. ಮಗಳು ಉಳಿದಳು, ಕೂಸು ಉಳಿಯಲಿಲ್ಲ.

ಫೋನು ಹೋಗಿದ್ದರೆ ಕೂಸು ಉಳಿಯುತ್ತಿತ್ತೆಂದು ಹೇಳಲಾರೆ. ಆದರೆ ತಾಯಿ ಆ ರಾತ್ರಿಯೇ ಮಗಳ ಹಾಸಿಗೆಯ ಬಳಿ ಇರಬಹುದಿತ್ತು. "ಬರೋದು ಬರ್ತದ್ರಿ ಬಾಯಾರ, ನಾವು ಹಚ್ಚಿದ್ರ ಹೋಗಂಗಿಲ್ಲ" ಎಂದಳು ಆಕೆ. ಕೇಳಿದಾಗ ನನಗೆ ಅದು ಫೋನಿನ ಮಾತೆನಿಸಲಿಲ್ಲ. ಸೊಸೆಯಾಗಿ ಬಂದ ಹೊಸತರಲ್ಲಿ ನಾವೆಷ್ಟು ಜನ ಹಾಗಿರಲಿಲ್ಲ? ತವರಿನಿಂದ ಬಂದರೆ ಮಾತಾಡಬಹುದು, ನಾವಾಗಿ ಹಚ್ಚುವಂತಿಲ್ಲ.

ನಾನು ಪಟ್ಟಿಯನ್ನು ಮತ್ತೆ ಬರೆದೆ, ಕುರ್ಚಿ ನೋಡಿ ಅಲ್ಲ, ಕೆಲಸ ನೋಡಿ. ಸೊನ್ನೆಯನ್ನು ಪೂರ್ತಿ ತಡೆಯದೆ ಬೇಕಾದ ಕೋಡುಗಳನ್ನಷ್ಟೇ ಬಿಡುವ ಉಪಾಯ ಆ ಪೆಟ್ಟಿಗೆಯಲ್ಲೇ ಇತ್ತು. ಐದು ಶಾಖೆಗಳ ಕೋಡು ಮತ್ತು ಕಲಬುರಗಿಯ 08472 ಎಲ್ಲ ಫೋನುಗಳಿಗೂ. 100, 101, 102 ಯಾರನ್ನೂ ಕೇಳದೆ ಹೋಗಬೇಕು. ಪ್ರತಿ ಶಾಖೆಯಲ್ಲಿ ಮ್ಯಾನೇಜರ ಕೋಣೆಯ ಹೊರಗೆ, ದೇಶದೊಳಗೆಲ್ಲ ಹೋಗುವ ಒಂದು ಫೋನು. ಪಕ್ಕದಲ್ಲಿ ಪುಸ್ತಕ, ದಾರ ಕಟ್ಟಿದ ಪೆನ್ಸಿಲು. ಯಾರು, ಎಲ್ಲಿಗೆ, ಯಾಕೆ ಎಂದು ಬರೆದಿಟ್ಟರಾಯಿತು. ಎರಡು ಸೊನ್ನೆಯ ವಿದೇಶದ ಕರೆ ಮಾತ್ರ ಎಲ್ಲ ಕಡೆ ಬಂದ್. ಸಾಹೇಬರು ಈ ಸಲ ಬಿಲ್ಲಿನ ಹೆಸರೆತ್ತದೆ ಸಹಿ ಹಾಕಿದರು. ತಿಂಗಳ ಬಿಲ್ಲು ಬಂದಾಗ ಯಾರೂ ಮೂರ್ಛೆ ಹೋಗಲಿಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲು, ಈ ಪುರಾಣ ಯಾಕೆ ಎನ್ನುತ್ತೀರೇನೋ. 2021ರ ಜನವರಿ 15ರಿಂದ ಸ್ಥಿರ ಫೋನಿನಿಂದ ಮೊಬೈಲಿಗೆ ಹಚ್ಚಲೂ ಮುಂದೊಂದು ಸೊನ್ನೆ ಬೇಕು. ಹಳೆಯ ರೂಢಿಯಂತೆ ಸೊನ್ನೆ ತಡೆದಿಟ್ಟ ಶಾಲೆಯ, ದವಾಖಾನೆಯ ಫೋನು ಪಕ್ಕದ ಓಣಿಯ ಮೊಬೈಲಿಗೂ ಹೋಗದು. ನಿಮ್ಮ ಆಫೀಸಿನ ಫೋನನ್ನು ನಾಳೆ ಒಮ್ಮೆ ಹಚ್ಚಿ ನೋಡಿ. ಸಾಹೇಬರ ಮೇಜಿನದ್ದಲ್ಲ, ಬಾಗಿಲ ಬಳಿ ಆಯಾ ಕೂರುವ ಸ್ಟೂಲಿನ ಪಕ್ಕದ್ದು.