ಗೆದ್ದಲಿನ ಬೇಸಾಯ

ಎಲೆ ಕತ್ತರಿಸುವ ಇರುವೆಗಳನ್ನು ನೋಡಬೇಕಾದರೆ ಅಮೆರಿಕಾ ಖಂಡದ ಕಾಡುಗಳಿಗೇ ಹೋಗಬೇಕು. ನಮ್ಮಂಥ ಗುಮಾಸ್ತರ ರಜಾ ಪ್ರವಾಸದ ಭತ್ಯೆ ಅಷ್ಟು ದೂರ ಎಟುಕುವುದಿಲ್ಲವಾದ್ದರಿಂದ ಮನೆಮಂದಿಯೆಲ್ಲ ಕುಳಿತು ಟಿ.ವಿ.ಯಲ್ಲಿ ನೋಡಿದೆವು. ದೊಡ್ಡ ಇರುವೆ ಎಲೆ ಕತ್ತರಿಸಿ ಹೊರುತ್ತದೆ. ಗೂಡಿನಲ್ಲಿ ಅದಕ್ಕಿಂತ ಚಿಕ್ಕದು ಅದನ್ನು ಅಗಿದು ಮೆತ್ತಗೆ ಮಾಡುತ್ತದೆ. ಎಲ್ಲಕ್ಕೂ ಚಿಕ್ಕದು ಅದರ ಮೇಲೆ ಬೆಳೆಯುವ ಬೂಷ್ಟಿನ ತೋಟವನ್ನು ನೋಡಿಕೊಳ್ಳುತ್ತದೆ. ಕಡತಗಳು ಮೇಜಿನಿಂದ ಮೇಜಿಗೆ ಇಳಿಯುವುದನ್ನು ಹತ್ತು ವರ್ಷ ಕಂಡ ನಮಗೆ ಈ ಏರ್ಪಾಡೇನೂ ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ರಾಣಿಯ ಸಂಗತಿ. ಬೇರೆ ಗೂಡು ಹೂಡಲು ಹಾರುವಾಗ ಅವಳು ಆ ಬೂಷ್ಟಿನ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಹೊರಡುತ್ತಾಳೆ.

"ತವರಿಂದ ಹೆಪ್ಪು ತಗೊಂಡು ಹೋಗ್ತಾಳೆ ಅನ್ನು" ಎಂದರು ನಮ್ಮ ತಾಯಿ.

ತಾಯಿಯವರು ತೀರ್ಥಹಳ್ಳಿಯ ಕಡೆಯ ಮನೆ ಮಾರಿ ಬೋಡಕ್‌ದೇವ್‌ನ ನಮ್ಮ ಬಾಡಿಗೆ ಮನೆಗೆ ಬಂದು ಒಂದು ವರ್ಷ. ಗುಜರಾತಿ ಬಾರದು. ಅವರಿಗೆ ಇಲ್ಲಿ ಗುರುತಿನದೆಂದು ಸಿಕ್ಕಿದ್ದು ಒಂದೇ: ಹಿತ್ತಲ ಬೇವಿನ ಬುಡದ ಹುತ್ತ.

ಈ ಹುತ್ತದ ಒಡೆಯರೂ ಬೇಸಾಯಗಾರರೇ. ಗೆದ್ದಲು ಇರುವೆಯ ಜಾತಿಯಲ್ಲ, ಜಿರಲೆಯ ನೆಂಟ. ಕಟ್ಟಿಗೆ, ತರಗೆಲೆ ತಿಂದು, ಆ ಹಿಕ್ಕೆಯಿಂದಲೇ ಸ್ಪಂಜಿನಂಥ ಗೂಡು ಕಟ್ಟಿ, ಅದರಲ್ಲಿ ಅಣಬೆಯ ಬೂಷ್ಟು ಬೆಳೆಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೀನೀ ಬೋರ್ಜಸ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ಬೆಳೆಯ ನಡುವೆ ಕಳೆಬೂಷ್ಟು ಹುಟ್ಟಿದರೆ ಗೆದ್ದಲು ಅದನ್ನು ವಾಸನೆಯಿಂದಲೇ ಹಿಡಿದು ಮಣ್ಣು ಮುಚ್ಚಿ ಹೂಳುತ್ತದೆ. ಆದರೆ ಇವುಗಳಲ್ಲಿ ಹೆಚ್ಚಿನವು ಹೆಪ್ಪು ಒಯ್ಯುವುದಿಲ್ಲ. ಮಳೆಗೆ ಹುತ್ತದಿಂದ ಅಣಬೆ ಏಳುತ್ತದಲ್ಲ, ಅದರ ಬೀಜಧೂಳು ಊರೆಲ್ಲ ಹರಡುತ್ತದೆ. ಹೊಸ ಗೂಡಿನ ಮರಿಗಳು ತಾವಿಳಿದ ನೆಲದಲ್ಲೇ ಅದನ್ನು ಹುಡುಕಿ ತರುತ್ತವೆ. ಮಲೆನಾಡಿನಲ್ಲಿ ಗುಡುಗಿದ ಮರುದಿನ ನಾವು ಬುಟ್ಟಿ ಹಿಡಿದು ಓಡುತ್ತಿದ್ದುದು ಇವುಗಳ ಫಸಲಿಗೇ!

ಶ್ರಾವಣ ಬಂತು. ಹುತ್ತವನ್ನು ಅಗೆಸಿ ಹಾಕಬೇಕೆಂದು ವಸತಿ ಸಂಘದವರು ತೀರ್ಮಾನಿಸಿದರು. ಬಾಗಿಲುಗಳಿಗೆ ಗೆದ್ದಲು ಹತ್ತಿದ್ದುದೂ ನಿಜವೇ. "ಪಂಚಮಿವರೆಗಾದ್ರೂ ಬಿಡಕ್ಕೆ ಹೇಳೋ" ಎಂದರು ತಾಯಿ. ಕಾರ್ಯದರ್ಶಿಗಳು ಸಜ್ಜನರು, ಒಪ್ಪಿದರು. ನಮ್ಮ ಪಂಚಮಿ ಶುಕ್ಲಪಕ್ಷದ್ದು, ಗುಜರಾತಿಗಳದು ಬಹುಳದ್ದು. ತಾಯಿ ಹಾಲೆರೆದು ಬಂದ ಮೇಲೆ ಪಕ್ಕದ ಮನೆಯ ಮುದುಕಿ, "ಬಾ ಅವರದಾಯಿತು, ನಮ್ಮದಾಗಬೇಡವೇ?" ಎಂದು ಗದರಿದ್ದರಿಂದ ಹುತ್ತಕ್ಕೆ ಇನ್ನೂ ಹದಿನೈದು ದಿನ ಆಯುಸ್ಸು ಸಿಕ್ಕಿತು. ಆ ಹದಿನೈದು ದಿನವೂ ತಾಯಿ ಬೆಳಗ್ಗೆದ್ದು ಅಣಬೆ ಎದ್ದಿತೇ ಎಂದು ನೋಡಿ ಬರುತ್ತಿದ್ದರು. ಏಳಲಿಲ್ಲ.

ಮುಂದಿನ ಸೋಮವಾರ ಹಾರೆ ಹಿಡಿದ ಇಬ್ಬರು ಬಂದರು. ತಾಯಿ ಆ ಕಡೆಯ ಕಿಟಕಿ ಹಾಕಿಕೊಂಡರು. ನಮಗೂ ಕಚೇರಿಗೆ ಹೊರಡಲು ಕಾಲು ಬರಲಿಲ್ಲ.

ಸಂಜೆ ಮಗ ಅಗೆದ ಮಣ್ಣಿನಿಂದ ಅಂಗೈಯಗಲದ ತುಂಡೊಂದನ್ನು ಎತ್ತಿ ತಂದಿದ್ದ. ಬೂದು ಬಣ್ಣ, ಸ್ಪಂಜಿನಂತೆ ತೂತು ತೂತು, ಮೈತುಂಬ ಗಸಗಸೆಯಂಥ ಬಿಳಿ ಕಾಳು. ಎಪ್ಪತ್ತು ವರ್ಷ ಅಣಬೆ ಕಿತ್ತ ತಾಯಿ ಅದರ ಬೇರುಮನೆಯನ್ನು ಕಂಡಿರಲಿಲ್ಲ. ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದರು, ಮೂಗಿನ ಹತ್ತಿರ ತಂದರು.

"ನಮ್ಮೂರ ವಾಸನೆಯೇ ಕಣೋ" ಎಂದರು.