ಬುಕೋಲ್ಜ್ ಆಡಿದ ರಾತ್ರಿ

ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು ನಿಂತರೆ ಸ್ಟೇಷನ್ ಕ್ವಾರ್ಟರ್ಸಿನಲ್ಲಿ ಮಲಗಿದವರಿಗೆ ತಟ್ಟನೆ ಎಚ್ಚರವಾಗುತ್ತದೆ. ಹಗಲೂ ರಾತ್ರಿ ಕಿವಿಯಲ್ಲೇ ಇದ್ದು ಕೇಳಿಸದಂತಾದ ಸದ್ದು ಅದು. 1986ರ ಮಳೆಗಾಲದ ಒಂದು ರಾತ್ರಿ ನನಗೆ ಹಾಗೆ ಎಚ್ಚರವಾಯಿತು. ಹೊರಗೆ ಮಲೆನಾಡಿನ ಜಡಿಮಳೆ. ಪಕ್ಕದ ಚಾಪೆಯಲ್ಲಿ ಅಮ್ಮ ಆಗಲೇ ಎದ್ದು ಕೂತಿದ್ದಳು. “ನಿಮ್ದು ನಿಂತೋಯ್ತು ಕಣೇ” ಅಂದಳು.

ಈ ಕಥೆಯನ್ನು ನಾನು ಹೆಚ್ಚಾಗಿ ಹೇಳುವುದು ತಮ್ಮನ ಮಗಳಿಗೆ. ಎಲೆಕ್ಟ್ರಿಕಲ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾಳೆ. ಮಳೆಗಾಲದಲ್ಲಿ ಊರಿಗೆ ಬಂದರೆ ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕೂತು, “ಅತ್ತೆ, ಆಗೆಲ್ಲ ಗಂಡಸರು ತುಂಬಾ ಕಾಟ ಕೊಡ್ತಿದ್ರಾ?” ಅಂತ ಕೇಳುತ್ತಾಳೆ. ಕಾಟ ಕೊಟ್ಟವರೂ ಇದ್ದರು. ಅವರ ಕಥೆ ಎಲ್ಲ ಕಡೆಯೂ ಒಂದೇ ಥರ, ಬೇಗ ಮುಗಿಯುತ್ತದೆ. ನನಗೆ ದುಬಾರಿಯಾಗಿ ಬಿದ್ದದ್ದು ಒಳ್ಳೆಯವರು. ಅದನ್ನು ಅವಳಿಗೆ ಬಿಡಿಸಿ ಹೇಳಬೇಕಾಗುತ್ತದೆ.

ನಾನು ಕೆಲಸಕ್ಕೆ ಸೇರಿದ್ದು 1985ರಲ್ಲಿ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾದದ್ದೂ ಅದೇ ವರ್ಷ. ಅಲ್ಲಿಯವರೆಗೆ ರಾಜ್ಯದ ದೀಪ ಉರಿಯುತ್ತಿದ್ದುದು ಹೆಚ್ಚುಕಡಿಮೆ ಪೂರ್ತಿ ನೀರಿನ ಮೇಲೆ. ಲಿಂಗನಮಕ್ಕಿಯಲ್ಲಿ ನೀರು ಎಷ್ಟಡಿ ಏರಿತು ಅನ್ನುವುದು ಹೋಟೆಲಿನ ಬೆಂಚಿನ ಮೇಲೂ ಚರ್ಚೆಯಾಗುತ್ತಿದ್ದ ಕಾಲ. ನನ್ನನ್ನು ಹಾಕಿದ್ದು ಒಂದು ಸಣ್ಣ ಊರಿನ ಹೊರಗಿದ್ದ 110 ಕೆ.ವಿ. ಸ್ಟೇಷನ್ನಿಗೆ, ಸಹಾಯಕ ಇಂಜಿನಿಯರ್ ಅಂತ. ಗುಡಿಸುವ ಹೆಂಗಸನ್ನು ಬಿಟ್ಟರೆ ಅಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಮದುವೆಯಾಗದ ಮಗಳನ್ನು ಒಬ್ಬಳೇ ಬಿಡಲಾರದೆ ಅಮ್ಮ ಪಾತ್ರೆಪಗಡೆ ಕಟ್ಟಿಕೊಂಡು ಹಿಂದೆಯೇ ಬಂದಳು.

ನಮ್ಮ ಕಾರ್ಯನಿರ್ವಾಹಕ ಇಂಜಿನಿಯರ್ ಸಾಹೇಬರು ನಿಜಕ್ಕೂ ದೊಡ್ಡ ಮನುಷ್ಯರು. ಒಂದು ದಿನವೂ ಏರುದನಿಯಲ್ಲಿ ಮಾತಾಡಿದವರಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದಾಗ ಸಂಜೆ ಐದೂವರೆಯಾದರೆ, “ಕತ್ತಲಾಗುತ್ತೆ, ನೀವು ಹೊರಡಿಮ್ಮಾ” ಅನ್ನುವರು. ಕ್ವಾರ್ಟರ್ಸು ಕಾಂಪೌಂಡಿನ ಒಳಗೇ ಇತ್ತು, ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ಜೀಪು ಕೊಟ್ಟು ಕಳಿಸುವರು. ಮೆಟ್ಟಿಲು ಇಳಿದು, ಜೀಪು ಹತ್ತಿ, ಇಳಿಯುವ ಹೊತ್ತಿಗೆ ಮನೆ! ಅಮ್ಮನಿಗೆ ಅವರ ಮೇಲೆ ಬಹಳ ಗೌರವ.

ಸ್ಟೇಷನ್ನಿನಲ್ಲಿ ಕಲಿಯುವುದೇನಿದ್ದರೂ ಬ್ರೇಕ್‌ಡೌನಿನಲ್ಲಿ. ಬ್ರೇಕ್‌ಡೌನ್ ಆಗುವುದು ಮಳೆ ಗಾಳಿಯಲ್ಲಿ, ಬಹುಪಾಲು ರಾತ್ರಿ. ನನ್ನ ಜೊತೆಗೇ ಸೇರಿ ಪಕ್ಕದ ತಾಲ್ಲೂಕಿಗೆ ಹೋದ ಹುಡುಗ ವರ್ಷ ತುಂಬುವುದರೊಳಗೆ ಬ್ರೇಕರಿನ ಸದ್ದು ಕೇಳಿ ಯಾವ ಪೋಲು ತೊಂದರೆ ಮಾಡುತ್ತಿದೆ ಅಂತ ಹೇಳಬಲ್ಲವನಾಗಿದ್ದ. ನನಗೆ ಅಷ್ಟರಲ್ಲಿ ತಿಂಗಳ ರಿಪೋರ್ಟು ಬರೆಯಲು ಕೈ ಪಳಗಿತ್ತು. ರಾತ್ರಿ ಏನಾಯಿತು ಅನ್ನುವುದು ನನಗೆ ಗೊತ್ತಾಗುತ್ತಿದ್ದುದು ಬೆಳಿಗ್ಗೆ, ಲಾಗ್ ಪುಸ್ತಕ ಓದಿ.

ಯಾರೂ ನನಗೆ ಕೆಲಸ ಬೇಡ ಅನ್ನುತ್ತಿರಲಿಲ್ಲ, ಹಗುರದ್ದನ್ನು ಆರಿಸಿ ಕೊಡುತ್ತಿದ್ದರು. ಟ್ರಾನ್ಸ್‌ಫಾರ್ಮರಿಗೆ ಉಸಿರಾಡಲು ಬ್ರೀದರ್ ಅಂತ ಇರುತ್ತದೆ. ಒಳಹೋಗುವ ಗಾಳಿಯ ತೇವ ಹೀರಲು ಅದರಲ್ಲಿ ಸಿಲಿಕಾ ಜೆಲ್ ಹರಳು ತುಂಬಿರುತ್ತಾರೆ. ಒಣಗಿದ್ದಾಗ ನೀಲಿ, ತೇವ ಕುಡಿದರೆ ಗುಲಾಬಿ. ಗುಲಾಬಿಯಾದದ್ದನ್ನು ಬಾಣಲೆಗೆ ಹಾಕಿ ಹದವಾಗಿ ಹುರಿದರೆ ಮತ್ತೆ ನೀಲಿ ತಿರುಗುತ್ತದೆ. ನನಗೆ ಸಿಕ್ಕ ಮೊದಲ ಕೈಕೆಲಸ ಅದು. “ಹುರಿಯೋದು ನಿಮಗೆ ಗೊತ್ತಿರುತ್ತಲ್ಲ ಮೇಡಂ” ಅಂತ ಒಬ್ಬರು ಅಂದರು, ಉಳಿದವರು ನಕ್ಕರು. ನಾನೂ ನಕ್ಕೆ. ಅಷ್ಟೇನೂ ಚೆನ್ನಾಗಿ ಹುರಿಯಲಿಲ್ಲ ಅನ್ನುವುದು ಬೇರೆ ಮಾತು.

ರಾತ್ರಿ ಪಾಳಿ ಕೊಡಿ ಅಂತ ಬಾಯಿಬಿಟ್ಟು ಕೇಳಿದಾಗ ಸಾಹೇಬರು ಕಾನೂನು ತೆಗೆದರು. 1948ರ ಕಾರ್ಖಾನೆ ಕಾಯ್ದೆ, 66ನೇ ಸೆಕ್ಷನ್: ಹೆಂಗಸರಿಗೆ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ಕೆಲಸ. ಕೆಲವೆಡೆ ಸರ್ಕಾರ ಆ ಗಡಿ ಸಡಿಲಿಸಬಹುದಿತ್ತು, ಆದರೂ ರಾತ್ರಿ 10ರಿಂದ ಬೆಳಗಿನ 5ರವರೆಗೆ ಸುತರಾಂ ಇಲ್ಲ. ಮೇಲ್ವಿಚಾರಕರಿಗೆ ಇತರ ನಿಯಮಗಳಿಂದ ವಿನಾಯಿತಿ ಕೊಡಬಹುದು, ಇದೊಂದರಿಂದ ಮಾತ್ರ ಕೊಡುವಂತಿಲ್ಲ. ನಮ್ಮಂಥ ಸ್ಟೇಷನ್ನು ಕಾಯ್ದೆಯ ಲೆಕ್ಕದಲ್ಲಿ ಕಾರ್ಖಾನೆ ಹೌದೋ ಅಲ್ಲವೋ ಅಂತ ಮಾತ್ರ ಯಾರೂ ತೆಗೆದು ನೋಡಿರಲಿಲ್ಲ. ಕರ್ನಾಟಕದಲ್ಲಿ ಹೆಂಗಸರ ರಾತ್ರಿ ಪಾಳಿಗಾಗಿ ಕಾಯ್ದೆಗೇ ತಿದ್ದುಪಡಿಯಾದದ್ದು 2023ರಲ್ಲಿ. ಅಷ್ಟರಲ್ಲಿ ನಾನು ಪಿಂಚಣಿದಾರಳು.

ಹಾಗಂತ ನಾನೇನು ಮೊದಲಿಗಳಲ್ಲ. ಮದರಾಸಿನ ಗಿಂಡಿ ಕಾಲೇಜಿನಿಂದ ಎ. ಲಲಿತಾ ಎಲೆಕ್ಟ್ರಿಕಲ್ ಪದವಿ ಪಡೆದದ್ದು 1943ರಲ್ಲಿ. ಹದಿನೆಂಟಕ್ಕೇ ಗಂಡನನ್ನು ಕಳಕೊಂಡು, ಕೂಸನ್ನು ಸಾಕಿಕೊಂಡು ಓದಿದಾಕೆ. ಮುಂದೆ ಕಲ್ಕತ್ತೆಯ ಕಂಪನಿಯಲ್ಲಿ ಪ್ರಸರಣ ಮಾರ್ಗ, ಸಬ್‌ಸ್ಟೇಷನ್ನುಗಳ ವಿನ್ಯಾಸ ಮಾಡಿದರು. ಭಾಕ್ರಾ ನಂಗಲ್ ಯೋಜನೆಗೂ ಅವರ ದುಡಿಮೆ ಸೇರಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಜೇಶ್ವರಿ ಚಟರ್ಜಿ ಮೈಕ್ರೋವೇವ್ ಕಲಿಸಿ ಒಂದು ತಲೆಮಾರನ್ನೇ ತಯಾರು ಮಾಡಿದರು. ಕೇರಳದ ಲೋಕೋಪಯೋಗಿ ಇಲಾಖೆಯಲ್ಲಿ ಪಿ.ಕೆ. ತ್ರೆಸ್ಸಿಯಾ 1971ರಲ್ಲೇ ಮುಖ್ಯ ಇಂಜಿನಿಯರ್ ಆದರು. ಇವರ ಹೆಸರುಗಳು ನನಗೆ ಗೊತ್ತಾದದ್ದು ತೀರ ತಡವಾಗಿ. ಆಗ ಗೊತ್ತಿದ್ದರೆ ಸಾಹೇಬರ ಮುಂದೆ ಒಂದೆರಡು ಮಾತು ಹೆಚ್ಚಿಗೆ ಆಡುತ್ತಿದ್ದೆನೇನೋ.

ಆ ರಾತ್ರಿಗೆ ಬರುತ್ತೇನೆ. ಟಾರ್ಚು ಹಿಡಿದು ಹೊರಟೆ. ಅಮ್ಮನೂ ಹೊರಟಳು. ರಾತ್ರಿ ಹೊತ್ತು ಗಂಡಸರ ನಡುವೆ ಮಗಳು ಒಬ್ಬಳೇ ಹೋಗುವುದುಂಟೆ? ಛತ್ರಿ ಎತ್ತಿ ಹಿಡಿದು ಯಾರ್ಡಿನ ಕಡೆಗೇ ನಡೆದಳು. ಕಂಟ್ರೋಲ್ ರೂಮಿನಿಂದ ಮೇಸ್ತ್ರಿ, “ಅಮ್ಮಾ, ಛತ್ರಿ ಮಡಚಿ, ಛತ್ರಿ!” ಅಂತ ಕೂಗಿದರು. ಮೇಲೆ ಲೈನು, ಕೆಳಗೆ ಅಮ್ಮನ ಎತ್ತಿದ ಛತ್ರಿ. ಮೇಸ್ತ್ರಿ ಅಂದರೆ ನಮ್ಮ ಹಿರಿಯ ಆಪರೇಟರು. ಎಸ್ಸೆಸ್ಸೆಲ್ಸಿ ಓದಿದವರು, ನನಗೆ ಗೊತ್ತಿದ್ದ ಅಷ್ಟಿಷ್ಟನ್ನೂ ಕಲಿಸಿದವರು.

ಪ್ಯಾನೆಲ್ಲಿನಲ್ಲಿ ಒಂದೇ ಫ್ಲ್ಯಾಗು ಬಿದ್ದಿತ್ತು, ಬುಕೋಲ್ಜ್ ಟ್ರಿಪ್. ನಮ್ಮ ಎದೆ ಧಸಕ್ಕೆನ್ನುವ ಫ್ಲ್ಯಾಗು ಅದು. ಜರ್ಮನಿಯ ಮ್ಯಾಕ್ಸ್ ಬುಕೋಲ್ಜ್ 1921ರಲ್ಲಿ ಕಂಡುಹಿಡಿದ ಉಪಾಯ ಇಂದಿಗೂ ಹಾಗೇ ಇದೆ. ಟ್ರಾನ್ಸ್‌ಫಾರ್ಮರಿನ ಟ್ಯಾಂಕಿಗೂ ಮೇಲಿನ ಎಣ್ಣೆ ಡ್ರಮ್ಮಿಗೂ ನಡುವಿನ ಪೈಪಿನಲ್ಲಿ ಕೂರಿಸಿದ ಒಂದು ಡಬ್ಬಿ. ಒಳಗೆ ಸುರುಳಿ ಸುಡತೊಡಗಿದರೆ ಎಣ್ಣೆ ಒಡೆದು ಗ್ಯಾಸು ಏಳುತ್ತದೆ, ಏರಿ ಆ ಡಬ್ಬಿಯಲ್ಲಿ ಸೇರಿಕೊಳ್ಳುತ್ತದೆ. ಸ್ವಲ್ಪ ಸೇರಿದರೆ ಮೇಲಿನ ತೇಲುಬುರುಡೆ ಇಳಿದು ಗಂಟೆ ಹೊಡೆಯುತ್ತದೆ. ದೊಡ್ಡ ಅನಾಹುತವಾಗಿ ಎಣ್ಣೆ ನುಗ್ಗಿದರೆ ಕೆಳಗಿನದು ತಳ್ಳಿಸಿಕೊಂಡು ಬ್ರೇಕರ್ ಬೀಳಿಸುತ್ತದೆ. ಬುಕೋಲ್ಜ್ ಆಡಿದರೆ ಕೈ ಇಡಬೇಡ ಅನ್ನುವುದು ಸ್ಟೇಷನ್ನಿನ ನಿಯಮ, ಸರಿಯಾದ ನಿಯಮವೇ. ಒಳಗೆ ಕೆಟ್ಟಿದ್ದನ್ನು ಮತ್ತೆ ಚಾರ್ಜ್ ಮಾಡಿದರೆ ಟ್ಯಾಂಕು ತುಂಬಾ ಇರುವ ಎಣ್ಣೆಗೆ ಬೆಂಕಿ.

ಎರಡನೆಯ ಟ್ರಾನ್ಸ್‌ಫಾರ್ಮರು ಬುಶಿಂಗು ಬಿರುಕು ಬಿಟ್ಟು ವಾರಗಳಿಂದ ಸುಮ್ಮನೆ ನಿಂತಿತ್ತು. ಊರು, ಆಸ್ಪತ್ರೆ, ಸುತ್ತಲ ಹಳ್ಳಿ ಎಲ್ಲ ಕತ್ತಲು. ಟೆಸ್ಟಿಂಗಿನವರು ಬರಬೇಕೆಂದರೆ ಘಟ್ಟದ ರಸ್ತೆಯಲ್ಲಿ ಮರ ಬಿದ್ದಿತ್ತು.

ಡಿಫರೆನ್ಷಿಯಲ್ ರಿಲೇ ಯಾಕೆ ಸುಮ್ಮನಿದೆ? ಬ್ರೇಕರ್ ಬೀಳುವಂಥ ದೊಡ್ಡ ಕೇಡು ಸುರುಳಿಯಲ್ಲಿ ಆಗಿದ್ದರೆ ಅದೂ ಬಾಯಿಬಿಡಬೇಕಿತ್ತು. ಗ್ಯಾಸಿನ ಗಂಟೆ ಮೊದಲು ಹೊಡೆಯಿತಾ ಅಂತ ಮೇಸ್ತ್ರಿಯನ್ನು ಕೇಳಿದೆ. “ಇಲ್ಲ ಮೇಡಂ, ನೇರ ಹೂಟರ್ರೇ.” ಇಬ್ಬರೂ ಮುಖಮುಖ ನೋಡಿಕೊಂಡೆವು. ಹತ್ತಿ ನೋಡೋಣ ಅಂದೆ.

ಎರಡೂ ಕಡೆಯ ಐಸೊಲೇಟರ್ ತೆಗೆದು, ಅರ್ತ್ ರಾಡು ಹಾಕಿ, ಏಣಿ ಇಟ್ಟರು. ಸ್ಟೋರಿನಲ್ಲಿದ್ದ ಗಂಬೂಟುಗಳೆಲ್ಲ ಗಂಡಸರ ಅಳತೆ. ಒಳಗೆ ಹಳೆ ಬನಿಯನ್ನು ತುರುಕಿ ಹಾಕಿಕೊಂಡೆ. ಸೆರಗು ಬಿಗಿದು, ನೆರಿಗೆ ಎತ್ತಿ ಕಟ್ಟಿದೆ. ಆ ವಿಷಯ ಬಂದಾಗಲೆಲ್ಲ ತಮ್ಮನ ಮಗಳು “ಚೂಡಿದಾರ್ ಹಾಕ್ಬೇಕಿತ್ತು” ಅನ್ನುತ್ತಾಳೆ. ಸಲೀಸು ಈಗ ಹೇಳೋದಕ್ಕೆ! ಕೆಳಗೆ ಅಮ್ಮ ಮಳೆಯಲ್ಲಿ ನೆನೆಯುತ್ತಾ, ಗಟ್ಟಿ ಹಿಡ್ಕೋ, ಗಟ್ಟಿ ಹಿಡ್ಕೋ ಅನ್ನುತ್ತಿದ್ದಳು. ಮೇಸ್ತ್ರಿ ಹಿಂದೆಯೇ ಹತ್ತಿ ಟಾರ್ಚು ಬಿಟ್ಟರು.

ಡಬ್ಬಿಯ ಗಾಜಿನ ಕಿಂಡಿಯಲ್ಲಿ ಎಣ್ಣೆ ತುದಿಯವರೆಗೂ ತುಂಬಿ ಹೊಳೆಯುತ್ತಿತ್ತು. ಗ್ಯಾಸಿನ ಗುಳ್ಳೆಯೂ ಇಲ್ಲ. ಮೇಲಿನ ಸಣ್ಣ ಕಾಕ್ ತಿರುಗಿಸಿದೆ. ಗ್ಯಾಸಿದ್ದರೆ ಬುಸ್ ಅನ್ನಬೇಕು, ಅದಕ್ಕೆ ಕಡ್ಡಿ ಗೀರಿ ಉರಿಯುತ್ತದೋ ನೋಡುವುದು ವಾಡಿಕೆ. ಎಣ್ಣೆಯೇ ಬೆರಳ ಮೇಲೆ ಬಂತು. ಆಮೇಲೆ ಪಕ್ಕದ ಟರ್ಮಿನಲ್ ಬಾಕ್ಸಿನ ಮುಚ್ಚಳ ಬಿಚ್ಚಿದೆ. ಬಿರಡೆಗಳು ತುಕ್ಕು ಹಿಡಿದಿದ್ದವು, ಕೊನೆಯದು ಸ್ಪ್ಯಾನರಿಗೆ ಸಿಕ್ಕದೆ ಸತಾಯಿಸಿತು. ತೆಗೆದರೆ ಗ್ಯಾಸ್ಕೆಟ್ ಹರಿದು ಜೋತಿದೆ, ಒಳಗೆ ಅರ್ಧ ಲೋಟದಷ್ಟು ಮಳೆನೀರು, ಟ್ರಿಪ್ಪಿನ ಎರಡೂ ತಂತಿಯ ತುದಿ ಅದರಲ್ಲಿ ಮುಳುಗಿದೆ. ನೀರೇ ಸ್ವಿಚ್ಚಿನ ಕೆಲಸ ಮಾಡಿತ್ತು.

“ಥತ್!” ಅಂದರು ಮೇಸ್ತ್ರಿ, ಮಳೆಗೋ ಗ್ಯಾಸ್ಕೆಟ್ಟಿಗೋ.

ಅಮ್ಮನ ಹಳೆ ಪಂಚೆಯ ತುಂಡಿನಿಂದ ಒರೆಸಿದೆವು. ಎ.ಸಿ. ಕರೆಂಟು ಇಲ್ಲವಲ್ಲ, ಬ್ಯಾಟರಿಯ 110 ವೋಲ್ಟಿನ ಬಲ್ಬೊಂದನ್ನು ಉದ್ದ ವೈರಿನಲ್ಲಿ ತಂದು ಬಾಕ್ಸಿನೊಳಗೆ ಹಿಡಿದು ಕಾಯಿಸಿದೆವು. ಗ್ಯಾಸ್ಕೆಟ್ಟಿನ ಜಾಗಕ್ಕೆ ಮೇಸ್ತ್ರಿ ತಮ್ಮ ಸೈಕಲ್ಲಿನ ಹಳೆ ಟ್ಯೂಬು ಕತ್ತರಿಸಿದರು. ಕೈ ಮೆಗ್ಗರ್ ತಿರುಗಿಸಿ ಸುರುಳಿಗಳ ಇನ್ಸುಲೇಷನ್ ನೋಡಿ ರಿಜಿಸ್ಟರಿನ ಹಿಂದಿನ ಅಂಕಿಗೆ ಹೋಲಿಸಿದೆ. ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಆಮೇಲೆ ಫೋನು. ಸಾಹೇಬರಿಗೆ ನಿದ್ದೆಗಣ್ಣು. “ನೀವ್ಯಾಕಮ್ಮ ಈ ಮಳೇಲಿ ಬಂದ್ರಿ? ಮನೆಗೆ ಹೋಗಿ. ಬೆಳಿಗ್ಗೆ ಟೆಸ್ಟಿಂಗ್‌ನೋರು ಬರಲಿ.” ನಾನು ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದೆ: ಗಾಜು, ಕಾಕ್, ಡಿಫರೆನ್ಷಿಯಲ್, ನೀರು, ಮೆಗ್ಗರ್. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, “ಮೇಸ್ತ್ರಿ ಇದಾನಾ? ಕೊಡಿ ಅವನಿಗೆ” ಅಂದರು.

ಕೊಟ್ಟೆ. “ಹೌದು ಸಾರ್... ಹೌದು ಸಾರ್, ನೀರೇ... ನಾನೇ ಟಾರ್ಚ್ ಹಿಡ್ದಿದ್ದೆ ಸಾರ್.” ಅಷ್ಟೇ. ಅನುಮತಿ ಬಂತು.

ನನ್ನ ಐದು ವರ್ಷದ ಇಂಜಿನಿಯರಿಂಗ್ ಓದಿಗಿಂತ ಟಾರ್ಚು ಹಿಡಿದವರ ಹೌದಿಗೆ ತೂಕ ಹೆಚ್ಚಿತ್ತು. ಆಗ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಮೇಸ್ತ್ರಿ ಮೇಲೆ ಅಲ್ಲ. ಸಾಹೇಬರ ಮೇಲೂ ಪೂರ್ತಿ ಬರಲಿಲ್ಲ. ಒಂದು ವರ್ಷ ನನ್ನನ್ನು ಕತ್ತಲಾಗುವ ಮುಂಚೆ ಮನೆಗೆ ಕಳಿಸಿದವರಿಗೆ ಕತ್ತಲಲ್ಲಿ ನಾನು ಏನು ಬಲ್ಲೆ ಅಂತ ಹೇಗೆ ಗೊತ್ತಾಗಬೇಕು? ಕಾಪಾಡಿ ಕಾಪಾಡಿ ಅವರೇ ನನ್ನನ್ನು ನಂಬಲಾಗದ ಆಳು ಮಾಡಿದ್ದರು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಜೀಪು ಕೊಡುವವರ ಹತ್ತಿರ ಏನಂತ ಜಗಳ?

110ರ ಬ್ರೇಕರ್ ಹಾಕಿದ್ದು ನಾನು. ಮೊದಲು ಗುರ್ರೆಂದು ಗದರಿ, ಆಮೇಲೆ ಎಂದಿನ ಗುಂಯ್‌ಗೆ ಇಳಿಯಿತು. ಲೋಡು ಕೊಡದೆ ಕಾಲು ಗಂಟೆ ಕಾದೆವು. ಆ ಕಾಲು ಗಂಟೆ ಮೇಸ್ತ್ರಿ ಒಂದು ಮಾತೂ ಆಡಲಿಲ್ಲ, ಅಮ್ಮ ಸ್ಟೂಲಿನ ಮೇಲೆ ಕೂತು ರಾಘವೇಂದ್ರ ಸ್ವಾಮಿಗಳನ್ನು ನೆನೆಯುತ್ತಿದ್ದಳು. ಫೀಡರುಗಳಲ್ಲಿ ಮೊದಲು ಆಸ್ಪತ್ರೆಯದು, ಆಮೇಲೆ ನೀರಿನ ಪಂಪಿನದು, ಕೊನೆಗೆ ಹಳ್ಳಿಗಳದು. ಅಮ್ಮ ಸಿಲಿಕಾ ಜೆಲ್ಲಿನ ಹೀಟರಿನ ಮೇಲೆ ಕಾಫಿ ಕಾಸಿದಳು. ಲಾಗಿನಲ್ಲಿ ವಿವರ ಬರೆದು ಸಹಿ ಹಾಕಿದೆ. ಬೇರೆಯವರು ಬರೆದದ್ದನ್ನು ಓದದೆ ನಾನೇ ಬರೆದ ಮೊದಲ ರಾತ್ರಿ ಅದು.

ಕೆಲವು ವಾರಗಳ ಮೇಲೆ ಪ್ರಶಂಸಾ ಪತ್ರ ಬಂತು, ಮೇಸ್ತ್ರಿಯ ಹೆಸರಿಗೆ. ಅವರು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಇದನ್ನ ಏನ್ ಮಾಡ್ಲಿ ಮೇಡಂ?” ಅಂದರು. ಪಾಪ, ಕಿವಿಯೆಲ್ಲ ಕೆಂಪು. “ಫ್ರೇಮ್ ಹಾಕ್ಸಿ” ಅಂದೆ. ಹಾಕಿಸಿದರು ಕೂಡ.

ನಾನು ಅದೇ ಲಾಗಿನ ಪುಟ ನಕಲು ಮಾಡಿ ಲಗತ್ತಿಸಿ, ಪಾಳಿ ಕೆಲಸ ಕೊಡಿ ಅಂತ ಅರ್ಜಿ ಬರೆದೆ. ಈ ಸಲ ಕಾಯ್ದೆಯ ಮಾತಿಲ್ಲ. ಸ್ಟೇಷನ್ನಿನಲ್ಲಿ ಮಹಿಳೆಯರಿಗೆ ಶೌಚಾಲಯವಿಲ್ಲದ ಕಾರಣ ಪರಿಗಣಿಸಲಾಗುವುದಿಲ್ಲ ಅಂತ ಉತ್ತರ. ಹಗಲು ಹೊತ್ತು ಹೇಗೆ ನಡೆಯುತ್ತಿತ್ತು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಕ್ಷೆ ಬರೆದು, ಇಟ್ಟಿಗೆ ಸಿಮೆಂಟಿನ ದರ ಹಿಡಿದು ಎಸ್ಟಿಮೇಟು ಮಾಡಿ ಕಳಿಸಿದೆ. ಎಸ್ಟಿಮೇಟಿಗೆ ಇಲ್ಲ ಅನ್ನುವುದು ಇಲಾಖೆಗೆ ಕಷ್ಟ, ಅದಕ್ಕೊಂದು ನಂಬರು ಬೀಳುತ್ತದೆ, ಫೈಲು ತಾನೇ ನಡೆಯುತ್ತದೆ. ನಿಧಾನವಾಗಿ ನಡೆಯಿತು. ಕಟ್ಟಿ ಮುಗಿದ ಮೇಲೆ ಸ್ವಲ್ಪ ದಿನ ಅದರಲ್ಲಿ ಅರ್ತ್ ರಾಡು, ಹಳೆ ಇನ್ಸುಲೇಟರು ತುಂಬಿಟ್ಟಿದ್ದರು. ನಾನೇ ನಿಂತು ತೆಗೆಸಿದೆ.

ಪಾಳಿ ಪಟ್ಟಿಯಲ್ಲಿ ನನ್ನ ಹೆಸರು ಬಂದ ದಿನ ಅಮ್ಮನಿಗೆ, “ಇನ್ನು ನೀನು ಕಾವಲು ಕಾಯೋದು ಬೇಡ, ಊರಿಗೆ ಹೋಗಿ ಬಾ” ಅಂದೆ. “ರಾತ್ರಿಯೆಲ್ಲ ಎದ್ದಿದ್ದು ಬಂದೋಳಿಗೆ ಹಗಲು ಬೇಯಿಸಿ ಹಾಕೋರ್ಯಾರು?” ಅಂತ ಕೇಳಿ, ಹೋಗಲೇ ಇಲ್ಲ.